ಗುಳೆ ಹೋದವರ ಲೆಕ್ಕ ಯಾರಲ್ಲಿದೆ?



ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಕನ್ನಡದ ಅಳಿವು ಉಳಿವಿನ ಬಗ್ಗೆ ಮಾತಾಡುವುದು ರೂಢಿ. ಆದರೆ ಕನ್ನಡ ಮಾತಾಡುವವರೇ ದುಡಿಮೆಗಾಗಿ ಗುಳೆ ಹೋಗಿ, ವರ್ಷಕ್ಕೆ ನಾಲ್ಕಾರು ತಿಂಗಳು ಊರಲ್ಲಿರದ ಸೀಮೆ ನಮ್ಮ ಈ ಮಾನ್ವಿ. ಅದಕ್ಕೇ ಊರಿಗೆ ಬಂದವರ, ಊರು ಬಿಟ್ಟವರ ಮಾತನ್ನು ಎತ್ತಿಕೊಂಡಿದ್ದೇನೆ.

1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಕಾಲುವೆಗೆ ನೀರು ಬಿಟ್ಟ ಮೇಲೆ ಕೃಷ್ಣಾ, ಗೋದಾವರಿ ಜಿಲ್ಲೆಗಳ ರೈತರು ಅಲ್ಲಿನ ತುಂಡು ಹೊಲ ಮಾರಿ, ಇಲ್ಲಿ ಅಗ್ಗಕ್ಕೆ ಸಿಕ್ಕ ಎರೆಭೂಮಿ ಕೊಂಡರು. ಜೋಳ, ಹತ್ತಿ ಬೆಳೆಯುತ್ತಿದ್ದ ಹೊಲ ಭತ್ತದ ಗದ್ದೆಯಾಯಿತು. ಗಂಗಾವತಿ, ಸಿಂಧನೂರು, ಮಾನ್ವಿ ತಾಲ್ಲೂಕುಗಳಲ್ಲಿ ಅವರ ವಸತಿಗಳಾದ ಕ್ಯಾಂಪುಗಳೆದ್ದವು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರವೇ ಸಿಂಧನೂರಿನ ಬಳಿ ಜಮೀನು ಕೊಟ್ಟಿತು. ಅಲ್ಲಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಇಂದಿಗೂ ದುರ್ಗಾಪೂಜೆ ನಡೆಯುತ್ತದೆ. ಟಿಬೆಟಿನವರಿಗೆ ಬೈಲಕುಪ್ಪೆ, ಮುಂಡಗೋಡಗಳಲ್ಲೂ, ಶ್ರೀಲಂಕಾದಿಂದ ಮರಳಿದ ತಮಿಳರಿಗೆ ಸುಳ್ಯದ ರಬ್ಬರ್ ತೋಟಗಳಲ್ಲೂ ಈ ನಾಡು ಜಾಗ ಕೊಟ್ಟಿದೆ.

ಬಂದವರನ್ನು ಬೈಯುವುದು ಕೆಲವರಿಗೆ ಚಟ. ಅದು ನನಗೆ ಒಪ್ಪಿಗೆಯಿಲ್ಲ. ಹೊಲ ಮಾರಿದವರು ನಮ್ಮ ಹಿರಿಯರೇ. ಮಾರಿಸಿದ್ದು ಬರ ಮತ್ತು ಸಾಲ. ನೆಲ ಸಿಕ್ಕವರು ನೆಲೆ ನಿಂತರು, ಅಷ್ಟೆ.

ನಮ್ಮವರ ಗತಿ ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು. ಮೇಲ್ಭಾಗದಲ್ಲಿ ಭತ್ತಕ್ಕೆ ನೀರು ನಿಲ್ಲಿಸಿ, ಸಾಲದ್ದಕ್ಕೆ ಪಂಪ್‌ಸೆಟ್ಟನ್ನೂ ಹಚ್ಚಿದರೆ, ಕೊನೆಭಾಗದ ಮಾನ್ವಿ, ರಾಯಚೂರು ತಾಲ್ಲೂಕಿನ ಹೊಲಗಳಿಗೆ ಉಳಿಯುವುದೇನು? ದೇವದುರ್ಗದ ಮಗ್ಗುಲಲ್ಲೇ ಕೃಷ್ಣೆ ಹರಿಯುತ್ತಾಳೆ. ಅಲ್ಲಿನ ತಾಂಡಾಗಳಿಂದಲೂ ಜನ ಗಂಟುಮೂಟೆ ಕಟ್ಟುತ್ತಾರೆ. ಸುಗ್ಗಿ ಮುಗಿದದ್ದೇ ತಡ, ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯ ಮುಂಗಡ ಕೈಗೆ ಬರುತ್ತದೆ. ಕೆಲವರು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಹೆಚ್ಚಿನವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. "ಎಲ್ಲಿ ಹೋಗ್ಯಾರವ್ವ?" ಎಂದು ಕೇಳಿದರೆ, "ದುಡಿಯಾಕ ಹೋಗ್ಯಾರ್ರಿ" ಎನ್ನುತ್ತಾಳೆ ಮೊಮ್ಮಕ್ಕಳನ್ನು ಕಾಯುವ ಅಜ್ಜಿ. ತಗಡಿನ ಶೆಡ್ಡಿಗೆ ಅಪ್ಪ ಅವ್ವನ ಜೊತೆ ಹೋದ ಮಕ್ಕಳಿಗೆ ಆ ವರ್ಷದ ಶಾಲೆ ಅರ್ಧಕ್ಕೇ ಮುಗಿಯಿತು.

ಕಾನೂನಿಗೆ ಈ ಗುಳೆ ಹೋದವರು ಕಾಣಲೇ ಇಲ್ಲ. ವಲಸೆ ಕಾರ್ಮಿಕರಿಗೆಂದು 1979ರಲ್ಲಿ ಬಂದ ಕಾಯ್ದೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಮಾನ್ವಿಯಿಂದ ಸುಮಾರು ನಾನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಹೋದವನು ಅದರ ಲೆಕ್ಕದಲ್ಲಿ ವಲಸಿಗನೇ ಆಗಿರಲಿಲ್ಲ! ಜನಗಣತಿಯದೂ ಇದೇ ಪಾಡು. 2011ರ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ಅಂದರೆ ನಮ್ಮ ಓಣಿಗಳಲ್ಲಿ ಬೀಗ ಬಿದ್ದಿರುವ ಹೊತ್ತಿಗೆ ಸರಿಯಾಗಿ. ಅದರ ನಂತರದ ಗಣತಿಗೂ ಇದೇ ಹೊತ್ತನ್ನು, 2027ರ ಮಾರ್ಚ್ 1ನ್ನು, ಗೊತ್ತುಮಾಡಿದ್ದಾರೆ. ಲೆಕ್ಕಕ್ಕೆ ಸಿಗದವರಿಗಾಗಿ ಯಾವ ಸರ್ಕಾರ ಶಾಲೆ ಕಟ್ಟೀತು, ಹಣ ಎತ್ತಿಟ್ಟೀತು?

ಉದ್ಯೋಗ ಖಾತ್ರಿ ಯೋಜನೆ 2006ರ ಮೊದಲ ಹಂತದಲ್ಲೇ ನಮ್ಮ ರಾಯಚೂರು ಜಿಲ್ಲೆಗೆ ಬಂತು. ಆದರೆ ಅದರ ಕೂಲಿ ಕೈಸೇರಲು ತಿಂಗಳುಗಟ್ಟಲೆ ಕಾಯಬೇಕಾದಾಗ, ಮುಂಗಡ ಹಿಡಿದು ನಿಂತ ಮೇಸ್ತ್ರಿಯೇ ಗೆದ್ದ. ಸಾಹಿತಿಗಳಾದ ನಾವೂ ಕಡಿಮೆಯೇನಲ್ಲ; ನಮ್ಮದು ಹರಿದಾಸರ ನಾಡು ಎಂದು ಹಾಡಿಕೊಂಡೇ ಕಾಲ ಕಳೆದೆವು.

ಆದ್ದರಿಂದ ಈ ಸಮ್ಮೇಳನ ಹಾರ ತುರಾಯಿಗೆ ಮುಗಿಯದಿರಲಿ. ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಒಂದು ಗುಳೆ ವಹಿ ಇಡಿಸೋಣ: ಯಾರು ಹೋದರು, ಎಲ್ಲಿಗೆ, ಯಾವ ಮೇಸ್ತ್ರಿಯ ಕೈಕೆಳಗೆ, ಎಷ್ಟು ಮುಂಗಡಕ್ಕೆ, ಮಕ್ಕಳು ಯಾರ ಬಳಿ. ಊರಲ್ಲಿ ಉಳಿಯುವ ಮಕ್ಕಳಿಗೆ ಋತುಮಾನದ ವಸತಿ ಶಾಲೆ, ಕೊನೆಭಾಗದ ಹೊಲಕ್ಕೆ ಪಾಲಿನ ನೀರು, ಇವೆರಡನ್ನು ನಿರ್ಣಯದಲ್ಲಿ ಬರೆಯಿರಿ. ಇಲ್ಲಿ ಕೂತಿರುವ ಮೇಷ್ಟ್ರುಗಳೇ, ವಹಿಯ ಮೊದಲ ಪುಟ ನೀವು ಬರೆದುಕೊಡಿ.