ವಳಸಂಗದ ಮನ್ಯಾಗ ಕನ್ನಡ ಹಾಡಿನ ಸ್ಪರ್ಧೆ ಯಾರು ನೋಡ್ತಾರ?



ಈಟಿವಿ ಕನ್ನಡದಾಗ ಎಸ್‌ಪಿಬಿ ಅವರ ‘ಎದೆ ತುಂಬಿ ಹಾಡುವೆನು’ ಬರ್ತಿದ್ದಾಗ ಮನಿಮಂದಿಯೆಲ್ಲ ಟಿವಿ ಮುಂದ ಕೂಡ್ತಿದ್ವಿ. ಈಗ ‘ಸರಿಗಮಪ’ ಮೊಬೈಲಿನ್ಯಾಗ ತುಣುಕು ತುಣುಕು ನೋಡ್ತೀವಿ. ಆಸಕ್ತಿ ಹೋಯ್ತು ಅಂತಾರ ಕೆಲವರು. ನಾವು ಒಪ್ಪಂಗಿಲ್ಲ. 2019ರ ಟ್ರಾಯ್ ನಿಯಮದ ಪ್ರಕಾರ ಬೇಕಾದ ಚಾನೆಲ್ ನಾವೇ ಆರಿಸಬೇಕು. ಇಲ್ಲಿ ಸಿಗೋದು ಮರಾಠಿ-ಹಿಂದಿ ಪ್ಯಾಕ್. ಕನ್ನಡಕ್ಕ ಬೇರೆ ರೊಕ್ಕ. ನಾವು ಕೇಳಲಿಲ್ಲ, ಅವರು ಹಾಕಲಿಲ್ಲ.

ಇನ್ನ ಟಿಆರ್‌ಪಿ. ಬಾರ್ಕ್ ಸಂಸ್ಥೆ ಮೀಟರ್ ಇಟ್ಟ ಮನೆಗಳಿಂದ ಈ ಲೆಕ್ಕ ಬರುತ್ತದೆ. ಅದರಲ್ಲಿ ಕರ್ನಾಟಕ ಒಂದು ಮಾರುಕಟ್ಟೆ, ಮಹಾರಾಷ್ಟ್ರ-ಗೋವಾ ಇನ್ನೊಂದು. ಕನ್ನಡ ಚಾನೆಲ್‌ಗಳ ಪೈಪೋಟಿ ಕರ್ನಾಟಕದ ಅಂಕಿ ಮೇಲೆ. ಸೋಲಾಪುರ, ಅಕ್ಕಲಕೋಟದ ನಾವು ನೋಡಿದರೂ ಆ ಪಟ್ಟಿಯೊಳಗಿಲ್ಲ. ಯುರೋಪಿನ ಯುರೋವಿಷನ್ ಹಾಡಿನ ಸ್ಪರ್ಧೆಯಲ್ಲಿ 2023ರಿಂದ ಹೊರಗಿನ ದೇಶದವರೂ ಆನ್‌ಲೈನ್ ಮತ ಹಾಕಬಹುದು. ಅವರೆಲ್ಲರ ಮತಕ್ಕೆ ಕೂಡಿ ಒಂದು ದೇಶದಷ್ಟು ತೂಕ. ನಮಗ ಅಷ್ಟೂ ಇಲ್ಲ ನೋಡ್ರಿ!

ಆಯಿ-ಮುತ್ಯಾ ಮೊಬೈಲಿನ್ಯಾಗ ಹುಡುಕಂಗಿಲ್ಲ, ಅವರಿಗೆ ಟಿವಿನೇ ಬೇಕು. ಈ ತಿಂಗಳು ರಿಚಾರ್ಜ್ ಮಾಡುವಾಗ ಕನ್ನಡ ಚಾನೆಲ್ ಹೆಸರು ಹೇಳಿ ಕೇಳ್ರಿ. ಕೊಡಲಿಲ್ಲಂದ್ರ ನಮಗ ತಿಳಿಸ್ರಿ, ಕೂಡಿ ಹೋಗಿ ಕೇಳೋಣ.