ಶೂನ್ಯ ಶಬ್ದದ ಚರಿತ್ರೆ



ಸಂಸ್ಕೃತದಿಂದ ಹೊರಟು ಒಂದು ಕಡೆ ಯುರೋಪಿನ ವರ್ತಕರ ಲೆಕ್ಕದ ಪುಸ್ತಕಗಳನ್ನೂ, ಇನ್ನೊಂದು ಕಡೆ ನಮ್ಮ ಶಿವಶರಣರ ಅನುಭಾವವನ್ನೂ ಮುಟ್ಟಿದ ಶಬ್ದ ಶೂನ್ಯ. ಏನೂ ಇಲ್ಲವೆಂಬ ಅರ್ಥದಲ್ಲಿ ನಾವು ಅದನ್ನು ಸಲೀಸಾಗಿ ಬಳಸುತ್ತೇವೆ. ಆದರೆ ಆ ಅರ್ಥಕ್ಕೆ ವಿರುದ್ಧವೆನ್ನಬಹುದಾದುದೊಂದು ಅದರ ಹುಟ್ಟಿನಲ್ಲಿಯೇ ಅಡಗಿದೆ.

ಧಾತುಪಾಠದಲ್ಲಿ 'ಶ್ವಿ' ಎಂಬ ಧಾತುವಿಗೆ ಗತಿ ಮತ್ತು ವೃದ್ಧಿ ಎಂಬ ಅರ್ಥಗಳನ್ನು ಹೇಳಿದೆ. ಅದರಿಂದ ಬಂದ 'ಶೂನ'ವೆಂದರೆ ಊದಿಕೊಂಡುದು. ಹೊರಗೆ ಉಬ್ಬಿದುದು ಒಳಗೆ ಟೊಳ್ಳಾಗಿರುವುದರಿಂದ ಆ ಟೊಳ್ಳೇ ಶೂನ್ಯವೆನಿಸಿತೆಂದು ಈಚಿನ ವಿದ್ವಾಂಸರು ಹಲವರು ಭಾವಿಸುತ್ತಾರೆ. ನಮ್ಮ ವೈಯಾಕರಣರು ಹಿಡಿದ ದಾರಿ ಬೇರೆ. ನಾಯಿಯೆಂಬರ್ಥದ 'ಶ್ವನ್' ಶಬ್ದದಿಂದ ಇದನ್ನು ಸಾಧಿಸಿ, ನಾಯಿಗೆ ಹಿತವಾದುದು, ಎಂದರೆ ಮನುಷ್ಯಸಂಚಾರವಿಲ್ಲದ ಸ್ಥಳವು ಶೂನ್ಯ ಎಂದರು. ವ್ಯುತ್ಪತ್ತಿಯಾಗಿ ಇದನ್ನು ಒಪ್ಪುವುದು ನನಗೆ ಕಷ್ಟವಾದರೂ, ಲೋಕದ ಬಳಕೆಯನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಒಡೆಯನಿಲ್ಲದೆ ಪಾಳುಬಿದ್ದ ಮನೆಯೇ ಶೂನ್ಯಾಗಾರ; ಇರಬೇಕಾದವರು ಇಲ್ಲದಿದ್ದರೂ, ಇರುವುದಕ್ಕೆ ತೆರಪುಳ್ಳ ಸ್ಥಳವದು.

ಬೌದ್ಧ ಭಿಕ್ಷುಗಳಿಗೆ ಧ್ಯಾನಕ್ಕೆ ಯೋಗ್ಯವೆಂದು ವಿಧಿಸಿದ್ದ ಸ್ಥಳಗಳಲ್ಲಿ ಅರಣ್ಯ, ವೃಕ್ಷಮೂಲಗಳೊಡನೆ ಈ ಶೂನ್ಯಾಗಾರವೂ ಒಂದು. ಮಜ್ಝಿಮನಿಕಾಯದ ಚೂಳಸುಞ್ಞತ ಸುತ್ತದಲ್ಲಿ ಬುದ್ಧನು ಶ್ರಾವಸ್ತಿಯ ಪ್ರಾಸಾದವೊಂದನ್ನೇ ಆನಂದನಿಗೆ ನಿದರ್ಶನವಾಗಿ ತೋರಿಸುತ್ತಾನೆ: ಈ ಪ್ರಾಸಾದವು ಆನೆ, ಹಸು, ಕುದುರೆಗಳಿಂದಲೂ ಬೆಳ್ಳಿಬಂಗಾರಗಳಿಂದಲೂ ಶೂನ್ಯವಾಗಿದ್ದರೂ, ಇಲ್ಲಿ ನೆರೆದಿರುವ ಭಿಕ್ಷುಸಂಘದಿಂದ ಶೂನ್ಯವಾಗಿಲ್ಲ. ಎಷ್ಟು ಸರಳ, ಎಷ್ಟು ಗಂಭೀರ! ಶೂನ್ಯವೆಂದಾಗಲೆಲ್ಲ ಏತರಿಂದ ಶೂನ್ಯವೆಂಬ ಪ್ರಶ್ನೆ ಜೊತೆಯಲ್ಲಿಯೇ ಬರುತ್ತದೆ. ಮುಂದೆ ನಾಗಾರ್ಜುನನು, ವಸ್ತುಗಳೆಲ್ಲವೂ ಪರಸ್ಪರಾಶ್ರಯದಿಂದ ಹುಟ್ಟುವುದರಿಂದ ಸ್ವಭಾವಶೂನ್ಯವೆಂದು ಪ್ರತಿಪಾದಿಸಿದಾಗ ಈ ಪ್ರಶ್ನೆಗೇ ಉತ್ತರವಿತ್ತನೆನ್ನಬಹುದು.

ಗಣಿತಜ್ಞರ ಶೂನ್ಯವೂ ಈ ತೆರಪೇ. ಸ್ಥಾನಗಳ ಸಾಲಿನಲ್ಲಿ ಅಂಕವಿಲ್ಲದ ಎಡೆಯೊಂದನ್ನು ಕಾಯ್ದಿಡುವ ಕೆಲಸ ಅದರದು. ಗ್ವಾಲಿಯರಿನ ವಿಷ್ಣುದೇವಾಲಯದ 876ರ ಶಾಸನದಲ್ಲಿ ಹೂದೋಟದ 270 ಹಸ್ತಗಳ ಅಳತೆಯನ್ನೂ, ದೇವರಿಗೆ ನಿತ್ಯವೂ ಸಲ್ಲಬೇಕಾದ 50 ಮಾಲೆಗಳನ್ನೂ ಪುಟ್ಟ ಸುತ್ತುಗಳಿಂದಲೇ ಬರೆದಿದ್ದಾರೆ. ಅದಕ್ಕೂ ಮೊದಲೇ, 628ರಲ್ಲಿ, ಬ್ರಹ್ಮಗುಪ್ತನು ಶೂನ್ಯವನ್ನು ಸಂಖ್ಯೆಗಳ ಪಂಕ್ತಿಯಲ್ಲಿ ಕುಳ್ಳಿರಿಸಿ, ಕೂಡುವ ಕಳೆಯುವ ನಿಯಮಗಳನ್ನು ಹೇಳಿದ್ದನು. ಕ್ಲೇಶವಿದ್ದುದು ಭಾಗಾಕಾರದಲ್ಲಿ. ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯನು, ಶೂನ್ಯದಿಂದ ಭಾಗಿಸಿದ ಸಂಖ್ಯೆಯು ಮಾರ್ಪಡದೆ ಉಳಿಯುವುದೆಂದನು. ಇಂದಿನ ಗಣಿತವು ಇದನ್ನು ಒಪ್ಪದು; ಆದರೆ ಪಾಲು ಕೇಳುವವರೇ ಇಲ್ಲದಿದ್ದಾಗ ಕಣದ ರಾಶಿ ಹಾಗೆಯೇ ಉಳಿಯುವುದನ್ನು ನೆನೆದರೆ ಆತನ ವಿಚಾರಸರಣಿಯನ್ನು ತಳ್ಳಿಹಾಕಲು ಮನಸ್ಸು ಬಾರದು. 12ನೆಯ ಶತಮಾನದ ಭಾಸ್ಕರಾಚಾರ್ಯನಾದರೋ ಆ ಲಬ್ಧವನ್ನು 'ಖಹರ'ವೆಂದು ಕರೆದು, ಸೃಷ್ಟಿಪ್ರಳಯಗಳಲ್ಲಿ ಜೀವರಾಶಿಗಳು ಹೊರಬಂದರೂ ಒಳಸೇರಿದರೂ ವಿಕಾರಹೊಂದದ ಅನಂತನಾದ ಅಚ್ಯುತನಿಗೆ ಅದನ್ನು ಹೋಲಿಸಿದನು.

ಅರಬ್ಬರು ಶೂನ್ಯವನ್ನು, ಬರಿದು ಎಂಬರ್ಥದ ತಮ್ಮ 'ಸಿಫ್ರ್' ಎಂಬ ಶಬ್ದದಿಂದ ಕರೆದರು. 1202ರಲ್ಲಿ ಇಟಲಿಯ ಫಿಬೊನಾಚ್ಚಿ ಅದನ್ನು 'ಜೆಫಿರಮ್' ಎಂದು ಲ್ಯಾಟಿನಿನಲ್ಲಿ ಬರೆದನು. ಅದು ಸವೆದು 'ಜೀರೋ' ಆಯಿತು.

ಕನ್ನಡದಲ್ಲಿ ಈ ಶಬ್ದವು ಎರಡು ರೂಪಗಳಿಂದ ಬಾಳಿದೆ. ಪ್ರಾಕೃತದ 'ಸುಣ್ಣ'ವನ್ನು ಹಾದು ಬಂದ 'ಸೊನ್ನೆ'ಯು ಶಾನುಭೋಗರ ಕಡತಕ್ಕೂ ಕೂಲಿಮಠದ ಮರಳಿಗೂ ಸಂದಿತು. ಅಂಕಿಗೆ ಮಾತ್ರವಲ್ಲದೆ, ಅಕ್ಷರದ ಪಕ್ಕದ ಅನುಸ್ವಾರಕ್ಕೂ ಅದೇ ಹೆಸರಾಯಿತು. ತತ್ಸಮವಾದ 'ಶೂನ್ಯ'ವನ್ನು ಶರಣರು ತಮ್ಮದಾಗಿಸಿಕೊಂಡರು. ಕಲ್ಯಾಣದಲ್ಲಿ ಅಲ್ಲಮಪ್ರಭು ಏರಿದ ಪೀಠವನ್ನು ಪರಂಪರೆಯು ಶೂನ್ಯಸಿಂಹಾಸನವೆಂದು ಕರೆಯುತ್ತದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ವಚನಗಳನ್ನು ಶರಣರ ಸಂವಾದವಾಗುವಂತೆ ಹೆಣೆದು 'ಶೂನ್ಯಸಂಪಾದನೆ'ಯನ್ನು ಕಟ್ಟಿದನು. ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಈ ಮೂವರೂ ಅದನ್ನು ತಂತಮ್ಮ ರೀತಿಯಲ್ಲಿ ಪರಿಷ್ಕರಿಸಿದರು. ಅಭಾವವನ್ನು ಯಾರೂ ಸಂಪಾದಿಸಲಾರರು. ನಾನೆಂಬುದು ತೆರವಾದ ಮೇಲೆ ಉಳಿಯುವ ಸ್ಥಿತಿಯನ್ನು, ಬಯಲೆಂಬ ಅಚ್ಚಗನ್ನಡದ ಮಾತಿನಿಂದಲೂ ಶರಣರು ಹೆಸರಿಸಿದ ಆ ನೆಲೆಯನ್ನು, ಸಂಪಾದಿಸಬಹುದೆಂಬ ನಂಬುಗೆಯಿಂದಲೇ ಆ ನಾಲ್ವರೂ ತಮ್ಮ ಗ್ರಂಥಗಳಿಗೆ ಈ ಹೆಸರಿಟ್ಟರೆಂದು ನಾನು ತಿಳಿದಿದ್ದೇನೆ.