ಶಾಲೆಯ ವೇದಿಕೆ ಮತ್ತು ಫೋನಿನ ವೇದಿಕೆ
(ಕನ್ನಡ ಮಾಧ್ಯಮ ಶಾಲೆಗಳ ಪೋಷಕರಿಗಾಗಿ ಮಾಡಿದ ಭಾಷಣ)



ಸೇಲಂ, ಧರ್ಮಪುರಿ ಕಡೆ ಕನ್ನಡ ಪುಸ್ತಕ ಬೇಕೆಂದರೆ ಸುಲಭಕ್ಕೆ ಸಿಗುವುದಿಲ್ಲ. ಯಾರಾದರೂ ಬೆಂಗಳೂರಿನಿಂದ ಒಂದು ಪ್ರತಿ ತಂದರೆ ಅದರ ಜೆರಾಕ್ಸ್ ನಾಲ್ಕಾರು ಮನೆಗೆ ಹೋಗುತ್ತದೆ. ಈಗ ಫೋನಿನಲ್ಲೂ ಹೋಗುತ್ತದೆ. ಇದು ಅಪರಾಧವಾಗುತ್ತದೆಯೇ ಎಂಬ ಭಯ ಹಲವರಿಗಿದೆ. ಆ ಭಯದಿಂದ ಶಾಲಾ ದಿನಾಚರಣೆಯ ನಾಟಕವನ್ನೇ ಕೈಬಿಟ್ಟರೆ ನಷ್ಟ ನಮ್ಮ ಮಕ್ಕಳಿಗೆ.

1957ರ ಕೃತಿಸ್ವಾಮ್ಯ ಕಾಯಿದೆ ನಮ್ಮನ್ನು ಮರೆತಿಲ್ಲ. ಬೋಧನೆಯ ಅಂಗವಾಗಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಮಾಡುವ ನಕಲು ಉಲ್ಲಂಘನೆಯಲ್ಲ ಎಂದು ಅದರ 52ನೇ ಕಲಮು ಹೇಳುತ್ತದೆ. ಶಾಲೆಯ ಸಿಬ್ಬಂದಿ, ಮಕ್ಕಳು ಸೇರಿ ಆಡುವ ನಾಟಕಕ್ಕೂ ಅಲ್ಲಿ ವಿನಾಯಿತಿ ಇದೆ. ಪ್ರೇಕ್ಷಕರು ಮಾತ್ರ ಶಾಲೆಗೆ ಸಂಬಂಧಪಟ್ಟವರೇ ಆಗಿರಬೇಕು. ತಂದೆತಾಯಿ, ಪೋಷಕರು ಎಂದು ಕಾಯಿದೆ ಹೆಸರೆತ್ತಿಯೇ ಹೇಳಿದೆ!

ಇದಕ್ಕೆ ನಮ್ಮ ಶಿವರಾಮ ಕಾರಂತರ ಯಕ್ಷಗಾನದ್ದೇ ಒಂದು ಮೊಕದ್ದಮೆ ಇದೆ. ಕಾರಂತರು 1997ರಲ್ಲಿ ತೀರಿಕೊಂಡರು. ಅವರು ರೂಪಿಸಿದ ನೃತ್ಯನಾಟಕವನ್ನು 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ದೆಹಲಿಯಲ್ಲಿ ಆಡಿಸಿತು. ಉಯಿಲಿನ ಪ್ರಕಾರ ಹಕ್ಕು ತಮ್ಮದೆಂದು ಮಾಲಿನಿ ಮಲ್ಯ ಅವರು ದಾವೆ ಹೂಡಿದರು. 2009ರಲ್ಲಿ ಸುಪ್ರೀಂ ಕೋರ್ಟು ಹಕ್ಕು ಅವರದೇ ಎಂದಿತು. ಜೊತೆಗೇ, 52ನೇ ಕಲಮಿನ ಮಿತಿಯೊಳಗೆ ವಿದ್ಯಾಸಂಸ್ಥೆ ಆಡುವ ಪ್ರದರ್ಶನಕ್ಕೆ ತಡೆಯಾಜ್ಞೆ ಅನ್ವಯಿಸದು ಎಂದೂ ಹೇಳಿತು. ಲೇಖಕರ ಹಕ್ಕೂ ಉಳಿಯಿತು, ಶಾಲೆಯ ಬಾಗಿಲೂ ತೆರೆದಿತ್ತು. ನನಗೆ ಇದು ನ್ಯಾಯವಾದ ತೀರ್ಪೆನಿಸುತ್ತದೆ.

ತೊಡಕು ಬರುವುದು ಆಮೇಲೆ. ಅದೇ ನಾಟಕವನ್ನು ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸಿದರೆ ಪ್ರೇಕ್ಷಕರು ನಾವಷ್ಟೇ ಅಲ್ಲ, ಲೋಕವೇ. ಶಾಲೆಗೆ ಕೊಟ್ಟ ವಿನಾಯಿತಿ ಅಲ್ಲಿಗೆ ಬರುವುದಿಲ್ಲ. ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಕಂಡಕಂಡ ವಾಟ್ಸಾಪ್ ಗುಂಪಿಗೆ ಕಳಿಸುವುದೂ ಬೋಧನೆಯಲ್ಲ. ಗೊತ್ತಿದ್ದೂ ಮಾಡಿದರೆ 63ನೇ ಕಲಮಿನಂತೆ 6 ತಿಂಗಳಿಂದ 3 ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡದಿದ್ದರೆ ಕೋರ್ಟು ಶಿಕ್ಷೆ ಇಳಿಸಬಹುದು, ತಪ್ಪು ತಪ್ಪೇ.

ವೀಡಿಯೋದಲ್ಲಿ ನಮ್ಮ ಮಕ್ಕಳ ಮುಖವೂ ಇರುತ್ತದಲ್ಲ? ಅದನ್ನು ಯಾರಾದರೂ ಅಶ್ಲೀಲವಾಗಿ ತಿರುಚಿ ಹರಡಿದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಡಿ ಅಪರಾಧ. ಮರ್ಯಾದೆಗೆ ಅಂಜಿ ಅಳಿಸಿ ಸುಮ್ಮನಾಗದೆ, ಪೊಲೀಸರಿಗೆ ದೂರು ಕೊಡಿ.

ಹಾಗಾದರೆ ಯಾವುದನ್ನು ಧೈರ್ಯವಾಗಿ ಹಂಚಬಹುದು? ಲೇಖಕರು ತೀರಿಕೊಂಡ ವರ್ಷ ಮುಗಿದು 60 ವರ್ಷ ಕಳೆದರೆ ಕೃತಿ ಎಲ್ಲರದು. ಪಂಜೆ ಮಂಗೇಶರಾಯರು 1937ರಲ್ಲೇ ತೀರಿಕೊಂಡರು. ಅವರ ಶಿಶುಗೀತೆಗಳನ್ನು ಮಕ್ಕಳಿಂದ ಹಾಡಿಸಿ ಎಲ್ಲಿ ಬೇಕಾದರೂ ಹಾಕಿ. ಜಿ.ಪಿ. ರಾಜರತ್ನಂ ಅವರ ಪದ್ಯಗಳಿಗಾದರೆ 2039 ಮುಗಿಯುವತನಕ ಅನುಮತಿ ಬೇಕು. ಒಂದು ಕಾಗದ ಬರೆದು ಹಕ್ಕುದಾರರನ್ನು ಕೇಳಿ. ಉತ್ತರ ಬಂದರೆ ಶಾಲೆಯ ಕಡತದಲ್ಲಿಡಿ, ಮುಂದಿನ ವರ್ಷಕ್ಕೂ ಬೇಕಾದೀತು.